ಪುಸ್ತಕ ಮತ್ತೆ ಸಿಕ್ಕೀತು, ವಹಿ ಸಿಗದು: ಹಿಂದೂಪುರ–ಕಲ್ಯಾಣದುರ್ಗ ಸೀಮೆಯ ಗ್ರಂಥಾಲಯ ಚರಿತ್ರೆಯನ್ನು ದಾಖಲಿಸುವ ಬಗೆ

ಕೆಲವು ವರ್ಷಗಳ ಹಿಂದೆ ನಮ್ಮ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಗ್ರಂಥಾಲಯದ ಕೊಠಡಿಯನ್ನು ಬದಲಾಯಿಸಬೇಕಾಗಿ ಬಂತು. ಮಕ್ಕಳೂ ಶಿಕ್ಷಕರೂ ಸಾಲಾಗಿ ನಿಂತು ಪುಸ್ತಕಗಳನ್ನು ಜೋಪಾನವಾಗಿ ಸಾಗಿಸಿದೆವು. ಬೀರುವಿನ ತಳದಲ್ಲಿದ್ದ ಹಳೆಯ ವಹಿಗಳು, ಹರಿದ ರಟ್ಟಿನ ರಿಜಿಸ್ಟರುಗಳು, ರಸೀದಿಯ ಕಟ್ಟುಗಳು ಮಾತ್ರ ರದ್ದಿಯವನ ತಕ್ಕಡಿಗೆ ಹೋದವು. ನಾವು ಅಲ್ಲಿಯೇ ಇದ್ದೆವು, ತಡೆಯಬೇಕೆಂದು ತೋಚಲಿಲ್ಲ. ಮುಂದೆ ಕನ್ನಡ ಪುಸ್ತಕಗಳಿಗಾಗಿ ಕಚೇರಿಯೊಂದಕ್ಕೆ ಮನವಿ ಕೊಟ್ಟಾಗ, ಈ ಭಾಗದಲ್ಲಿ ಕನ್ನಡ ಓದುವವರು ಎಷ್ಟು ಮಂದಿ, ಹಿಂದೆ ಎಷ್ಟು ಪುಸ್ತಕಗಳು ಬಂದಿದ್ದವು ಎಂದು ಕೇಳಿದರು. ಉತ್ತರ ತೂಕಕ್ಕೆ ಹೋದ ಆ ವಹಿಗಳಲ್ಲಿತ್ತು.

ಈ ಲೇಖನ ಅಂಥ ತಪ್ಪು ಮತ್ತೊಂದು ಶಾಲೆಯಲ್ಲಿ, ಮತ್ತೊಂದು ಊರಿನ ವಾಚನಾಲಯದಲ್ಲಿ ನಡೆಯದಿರಲೆಂದು ಸಿದ್ಧಪಡಿಸಿದ್ದು. ಗ್ರಂಥಾಲಯದ ಚರಿತ್ರೆಯೆಂದರೆ ಕಟ್ಟಡದ ಶಂಕುಸ್ಥಾಪನೆಯ ತಾರೀಖಲ್ಲ. ಯಾವ ಪುಸ್ತಕ ಯಾವಾಗ ಬಂತು, ಯಾರು ಕೊಟ್ಟರು, ಯಾರು ಓದಿದರು, ಯಾವಾಗ ಅದು ಕಪಾಟಿನಿಂದ ಇಳಿಯಿತು ಎಂಬುದೇ ಆ ಚರಿತ್ರೆ. ಅಚ್ಚಾದ ಪುಸ್ತಕದ ಮತ್ತೊಂದು ಪ್ರತಿ ಬೆಂಗಳೂರಿನಲ್ಲೋ ಧಾರವಾಡದಲ್ಲೋ ದೊರೆತೀತು. ವಹಿಗೆ ಎರಡನೆಯ ಪ್ರತಿ ಇರುವುದಿಲ್ಲ. ಆದುದರಿಂದ ಮೊದಲು ಉಳಿಸಬೇಕಾದುದು ವಹಿಯನ್ನು.

ನಮ್ಮ ಸೀಮೆ, ಅದರ ಆಡಳಿತದ ಬದಲಾವಣೆಗಳು

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ನೇರವಾಗಿ ಹೊರಟವರು ನಡುವೆ ಕರ್ನಾಟಕದ ಪಾವಗಡವನ್ನು ಹಾದುಹೋಗುತ್ತಾರೆ. ಗಡಿರೇಖೆ ಇಲ್ಲಿ ಅಷ್ಟು ಹೆಣೆದುಕೊಂಡಿದೆ. ಮಡಕಶಿರ, ರೊಳ್ಳ, ಗುಡಿಬಂಡೆ, ಅಗಳಿ, ಅಮರಾಪುರ ಮಂಡಲಗಳು ಒಂದು ಕಡೆ. ಕಲ್ಯಾಣದುರ್ಗ, ಕುಂದುರ್ಪಿ, ಶೆಟ್ಟೂರು, ಬ್ರಹ್ಮಸಮುದ್ರ, ರಾಯದುರ್ಗ, ಡಿ. ಹಿರೇಹಾಳು ಮಂಡಲಗಳು ಇನ್ನೊಂದು ಕಡೆ. ಈ ಊರುಗಳಲ್ಲಿ ಕನ್ನಡವೂ ತೆಲುಗೂ ಒಂದೇ ಜಗುಲಿಯ ಮೇಲೆ ಕುಳಿತು ಮಾತನಾಡುವ ಭಾಷೆಗಳು.

ಇಲ್ಲಿನ ಓದುಬರಹ ಗ್ರಂಥಾಲಯಗಳಿಂದ ಆರಂಭವಾದುದಲ್ಲ. ಅಮರಾಪುರ ಮಂಡಲದ ಹೇಮಾವತಿಯು ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅಲ್ಲಿ ಕನ್ನಡ ಶಾಸನಗಳಿವೆ. ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ 16ನೆಯ ಶತಮಾನದ ಕನ್ನಡ ಶಾಸನಗಳಿವೆ. 19ನೆಯ ಶತಮಾನದ ಆದಿಯಲ್ಲಿ ಕಾಲಿನ್ ಮೆಕೆಂಜಿಯು ದತ್ತ ಮಂಡಲಗಳನ್ನು ಅಳತೆ ಮಾಡಿಸುತ್ತಿದ್ದಾಗ ಅವನ ಸಹಾಯಕರು ಊರೂರಿನ ಕೈಫಿಯತ್ತುಗಳನ್ನೂ ಓಲೆಗರಿಗಳನ್ನೂ ಕಲೆಹಾಕಿದರು. ಆ ಸಂಗ್ರಹದ ಒಂದು ಭಾಗ ಇಂದು ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿದೆ. ಊರಿನ ಕಥೆಯನ್ನು ಊರಿನವರ ಬಾಯಿಂದಲೇ ಕೇಳಿ ಬರೆದಿಡುವ ಕೆಲಸ ನಮ್ಮ ಸೀಮೆಗೆ ಹೊಸದೇನಲ್ಲ.

ದಾಖಲೆಗಳನ್ನು ಹುಡುಕುವವರು ಆಡಳಿತದ ಬದಲಾವಣೆಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಲೇಬೇಕು. ಕಚೇರಿ ಬದಲಾದಾಗ ಕಾಗದವೂ ಊರು ಬಿಡುತ್ತದೆ.

1800ರಲ್ಲಿ ನಿಜಾಮನು ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಅದರಿಂದಲೇ ದತ್ತ ಮಂಡಲವೆಂಬ ಹೆಸರು. 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆ ರೂಪುಗೊಂಡಿತು. ರಾಯದುರ್ಗ ತಾಲ್ಲೂಕು ಮಾತ್ರ ಬಳ್ಳಾರಿಯಲ್ಲಿಯೇ ಇದ್ದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅನಂತಪುರಕ್ಕೆ ಸೇರಿತು. ಅಂದಿನವರೆಗೆ ನಮಗೆ ಮದರಾಸು ರಾಜಧಾನಿ. ಅನಂತರ ಮೂರು ವರ್ಷ ಕರ್ನೂಲು. 1956ರ ನವೆಂಬರ್ 1ರಿಂದ ಹೈದರಾಬಾದು. 2014ರಲ್ಲಿ ತೆಲಂಗಾಣ ಬೇರೆಯಾದ ಮೇಲೆ ಹೈದರಾಬಾದೂ ನೆರೆರಾಜ್ಯವಾಯಿತು. 2022ರ ಏಪ್ರಿಲ್ 4ರಂದು ಶ್ರೀ ಸತ್ಯಸಾಯಿ ಜಿಲ್ಲೆ ಏರ್ಪಟ್ಟು ಹಿಂದೂಪುರ, ಮಡಕಶಿರಗಳು ಅದಕ್ಕೆ ಹೋದವು. ಕಲ್ಯಾಣದುರ್ಗ, ರಾಯದುರ್ಗಗಳು ಅನಂತಪುರದಲ್ಲಿಯೇ ಉಳಿದವು.

ಇದರ ಫಲವನ್ನು ಗಮನಿಸಿರಿ. ರಾಯದುರ್ಗದ 1950ಕ್ಕೂ ಹಿಂದಿನ ವಾಚನಾಲಯದ ವಿಷಯವನ್ನು ತಿಳಿಯಬೇಕಾದವರು ಬಳ್ಳಾರಿಯ ಜಿಲ್ಲಾ ದಾಖಲೆಗಳನ್ನು ನೋಡಬೇಕು. ಹಿಂದೂಪುರದ ಅದೇ ಕಾಲದ ಸಂಗತಿಗೆ ಅನಂತಪುರವನ್ನೂ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪ್ರಾಚ್ಯಪತ್ರಾಗಾರವನ್ನೂ ನೋಡಬೇಕು. 1956ರ ಅನಂತರದ ಸರ್ಕಾರಿ ಆದೇಶಗಳಿಗೆ ಹೈದರಾಬಾದಿನತ್ತ ಮುಖ ಮಾಡಬೇಕು. ಡಬ್ಲ್ಯು. ಫ್ರಾನ್ಸಿಸ್ ಬರೆದ ಬಳ್ಳಾರಿ ಮತ್ತು ಅನಂತಪುರ ಜಿಲ್ಲಾ ಗೆಜೆಟಿಯರುಗಳು 1904–05ರ ಸುಮಾರಿಗೆ ಪ್ರಕಟವಾದವು. ಶಾಲೆ, ಊರು, ಭಾಷೆಗಳ ಹಿನ್ನೆಲೆಗೆ ಅವು ಮೊದಲ ಆಸರೆ.

ಗ್ರಂಥಾಲಯಗಳು ಬೆಳೆದುಬಂದ ದಾರಿ

ತೆಲುಗುನಾಡಿನ ಗ್ರಂಥಾಲಯ ಚಳವಳಿಯು ದೇಶದಲ್ಲಿಯೇ ಹೆಸರಾದುದು. ಅಯ್ಯಂಕಿ ವೆಂಕಟರಮಣಯ್ಯನವರ ಶ್ರಮದಿಂದ 1914ರಲ್ಲಿ ವಿಜಯವಾಡದಲ್ಲಿ ಆಂಧ್ರದೇಶ ಗ್ರಂಥಾಲಯ ಸಂಘ ಸ್ಥಾಪನೆಯಾಯಿತು. ಕರ್ನೂಲಿನ ಗಾಡಿಚರ್ಲ ಹರಿಸರ್ವೋತ್ತಮರಾಯರು ಈ ಚಳವಳಿಯ ಮತ್ತೊಬ್ಬ ಹಿರಿಯರು. 1935ರಲ್ಲಿ ಪಾತೂರಿ ನಾಗಭೂಷಣಂ ಅವರು ಕೃಷ್ಣಾ ನದಿಯ ಕಾಲುವೆಯಲ್ಲಿ ದೋಣಿಯ ಮೇಲೆ ಪುಸ್ತಕಗಳನ್ನಿಟ್ಟು ಹಳ್ಳಿಹಳ್ಳಿಗೆ ಮುಟ್ಟಿಸಿದರು. ಕನ್ನಡನಾಡಿನಲ್ಲಿ 1890ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ, 1915ರಲ್ಲಿ ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತು ಇದೇ ಬಗೆಯ ಎಚ್ಚರವನ್ನು ಮೂಡಿಸಿದವು. ನಮ್ಮ ಸೀಮೆಯು ಈ ಎರಡು ಪ್ರವಾಹಗಳ ನಡುವಿನ ನೆಲ.

ಅಂಥ ನೆಲದಲ್ಲಿ ಎಂಥ ವಿದ್ವತ್ತು ಬೆಳೆಯಬಹುದೆಂಬುದಕ್ಕೆ ಕಲ್ಯಾಣದುರ್ಗ ಸೀಮೆಯ ರಾಳ್ಳಪಲ್ಲಿ ಗ್ರಾಮದ ಅನಂತಕೃಷ್ಣಶರ್ಮರು (1893–1979) ನಿದರ್ಶನ. ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮೂರು ದಶಕಗಳಿಗೂ ಮೀರಿ ತೆಲುಗು ಬೋಧಿಸಿದರು, ಕನ್ನಡದಲ್ಲಿ ‘ಗಾನಕಲೆ’, ‘ಸಾಹಿತ್ಯ ಮತ್ತು ಜೀವನಕಲೆ’ಗಳನ್ನು ಬರೆದರು, ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳ ಸಂಪಾದನೆಗೆ ದುಡಿದರು. ಅವರ ಕನ್ನಡ ಪುಸ್ತಕವು ಅವರದೇ ಸೀಮೆಯ ಶಾಲೆಯ ಕಪಾಟಿನಲ್ಲಿ ಇದೆಯೇ, ಎಂದಾದರೂ ಇತ್ತೇ ಎಂಬುದನ್ನು ಹೇಳಬಲ್ಲದ್ದು ವಹಿಯೊಂದೇ.

ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾನೂನು 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆ. ಎಸ್.ಆರ್. ರಂಗನಾಥನ್ನರ ಚಿಂತನೆ ಅದರ ಹಿಂದಿತ್ತು. ಅದು ಜಿಲ್ಲೆಗೊಂದು ಸ್ಥಳೀಯ ಗ್ರಂಥಾಲಯ ಪ್ರಾಧಿಕಾರವನ್ನೂ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಏರ್ಪಡಿಸಿತು. 1960ರ ಆಂಧ್ರಪ್ರದೇಶ ಸಾರ್ವಜನಿಕ ಗ್ರಂಥಾಲಯ ಕಾಯಿದೆಯು ಮದರಾಸಿನ ಆ ಕಾನೂನನ್ನೂ ಹೈದರಾಬಾದಿನ 1955ರ ಕಾನೂನನ್ನೂ ಒಂದುಗೂಡಿಸಿತು. ನಾವು ಇಂದು ಕಾಣುವ ಜಿಲ್ಲಾ ಗ್ರಂಥಾಲಯ ಸಂಸ್ಥೆ, ಅದರ ಶಾಖಾ ಗ್ರಂಥಾಲಯಗಳು ಈ ಕಾಯಿದೆಯ ಅಡಿಯಲ್ಲಿವೆ. ಮನೆ ತೆರಿಗೆಯ ರಸೀದಿಯಲ್ಲಿ ರೂಪಾಯಿಗೆ ಎಂಟು ಪೈಸೆಯಂತೆ ಗ್ರಂಥಾಲಯ ಕರವೂ ಸೇರಿರುತ್ತದೆ. ಕನ್ನಡ ಮನೆಗಳೂ ಆ ಎಂಟು ಪೈಸೆಯನ್ನು ಕೊಡುತ್ತಿವೆ. ಕನ್ನಡ ಪುಸ್ತಕವನ್ನು ಕೇಳುವುದು ಬೇಡುವುದಲ್ಲ, ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು. ಲೆಕ್ಕ ಕೇಳುವವರ ಕೈಯಲ್ಲಿಯೂ ಲೆಕ್ಕವಿರಬೇಕಷ್ಟೆ.

ಯಾವ ಯಾವ ದಾಖಲೆಗಳಿವೆ, ಅವು ಏನು ಹೇಳುತ್ತವೆ

ಅಕ್ಸೆಷನ್ ರಿಜಿಸ್ಟರ್. ಇದನ್ನು ಕನ್ನಡದಲ್ಲಿ ಪರಿಗ್ರಹಣ ವಹಿ ಎನ್ನುತ್ತಾರೆ. ಗ್ರಂಥಾಲಯಕ್ಕೆ ಬಂದ ಪ್ರತಿಯೊಂದು ಪುಸ್ತಕಕ್ಕೂ ಇದರಲ್ಲಿ ಒಂದು ಸಾಲು. ಬಂದ ದಿನ, ಕ್ರಮಸಂಖ್ಯೆ, ಲೇಖಕ, ಹೆಸರು, ಪ್ರಕಾಶಕ, ವರ್ಷ, ಬೆಲೆ, ಎಲ್ಲಿಂದ ಬಂತು, ಬಿಲ್ಲಿನ ಸಂಖ್ಯೆ, ಕೊನೆಯಲ್ಲಿ ಷರಾ. ಪುಸ್ತಕ ಹರಿದು ರದ್ದಾದರೆ ಷರಾದಲ್ಲಿ ಅದರ ದಿನಾಂಕ. ಈ ಒಂದು ವಹಿಯಿಂದ ಪ್ರತಿ ವರ್ಷ ಎಷ್ಟು ಕನ್ನಡ ಪುಸ್ತಕ ಬಂದವು, ಕನ್ನಡ ಖರೀದಿ ಯಾವ ವರ್ಷ ನಿಂತಿತು, ದಾನಿಗಳು ಯಾರು, ಎಷ್ಟು ರದ್ದಾದವು ಎಂಬ ನಾಲ್ಕು ಲೆಕ್ಕಗಳೂ ಸಿಗುತ್ತವೆ.

ಇಷ್ಯೂ ರಿಜಿಸ್ಟರ್ ಮತ್ತು ಪುಸ್ತಕದ ಒಳರಟ್ಟಿಗೆ ಅಂಟಿಸಿದ ತಾರೀಖಿನ ಚೀಟಿ. ವಹಿ ಕಳೆದುಹೋಗಿದ್ದರೂ ಚೀಟಿಯ ಮೇಲಿನ ಮೊಹರುಗಳು ಆ ಪುಸ್ತಕ ಎಷ್ಟು ಕೈ ದಾಟಿತೆಂದು ತಿಳಿಸುತ್ತವೆ. ಆದುದರಿಂದ ಹೊಸ ರಟ್ಟು ಹಾಕಿಸುವಾಗ ಚೀಟಿಯನ್ನು ಕಿತ್ತೆಸೆಯಬಾರದು.

ನಡವಳಿ ಪುಸ್ತಕ, ಸಂದರ್ಶಕರ ಪುಸ್ತಕ, ತಪಾಸಣಾ ಟಿಪ್ಪಣಿ, ಪತ್ರಿಕೆಗಳ ಚಂದಾ ರಸೀದಿ. ಯಾವ ಕನ್ನಡ ದಿನಪತ್ರಿಕೆ, ವಾರಪತ್ರಿಕೆಗಳು ಬರುತ್ತಿದ್ದವೆಂಬುದು ಚಂದಾ ರಸೀದಿಯಿಂದ ತಿಳಿಯುತ್ತದೆ. ಮಕ್ಕಳ ಮಾಸಪತ್ರಿಕೆ ‘ಚಂದಮಾಮ’ ಮದರಾಸಿನಿಂದ 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭವಾಗಿ 1949ರಲ್ಲಿ ಕನ್ನಡಕ್ಕೂ ಬಂತು. ಅದೇ ಚಿತ್ರಗಳು, ಅದೇ ಕಥೆಗಳು, ಎರಡು ಲಿಪಿ. ನಿಮ್ಮ ಊರಿನ ವಾಚನಾಲಯಕ್ಕೆ ಯಾವ ಲಿಪಿಯ ಸಂಚಿಕೆ ಬರುತ್ತಿತ್ತು, ಎರಡೂ ಬರುತ್ತಿದ್ದವೇ ಎಂಬುದು ಹಿರಿಯರನ್ನು ಕೇಳಬೇಕಾದ ಒಳ್ಳೆಯ ಪ್ರಶ್ನೆ.

ನಮ್ಮ ಸೀಮೆಯ ವಹಿಗಳನ್ನು ಓದುವಾಗ ಒಂದು ವಿಶೇಷ ಎಚ್ಚರ ಬೇಕು. ತೆಲುಗು ಬಲ್ಲ ಗ್ರಂಥಪಾಲಕರು ಕನ್ನಡ ಪುಸ್ತಕದ ಹೆಸರನ್ನು ತೆಲುಗು ಲಿಪಿಯಲ್ಲಿ ಬರೆದಿಟ್ಟಿರುವುದುಂಟು. ಲಿಪಿ ನೋಡಿ ಎಣಿಸಿದರೆ ಅದು ತೆಲುಗು ಪುಸ್ತಕವಾಗಿಬಿಡುತ್ತದೆ. ಆದುದರಿಂದ ಹೆಸರು, ಲೇಖಕ, ಪ್ರಕಾಶಕರ ಊರು ಮೂರನ್ನೂ ನೋಡಬೇಕು. ಮೈಸೂರು, ಧಾರವಾಡ, ಬೆಂಗಳೂರುಗಳ ಪ್ರಕಾಶಕರಿದ್ದರೆ ಅನುಮಾನಿಸಿ ಪರಿಶೀಲಿಸಿರಿ. ವರ್ಗಸಂಖ್ಯೆ ಇದ್ದರೆ ಇನ್ನೂ ಸುಲಭ. ಡ್ಯೂಯಿ ದಶಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ತೆಲುಗು ಸಾಹಿತ್ಯಕ್ಕೆ 894.827. ರಂಗನಾಥನ್ನರ ದ್ವಿಬಿಂದು ಪದ್ಧತಿಯಲ್ಲಿ ಕನ್ನಡದ ಅಂಕೆ 33, ತೆಲುಗಿನದು 35. ಬೆನ್ನಿನ ಚೀಟಿ ಮಾಸಿದ್ದರೂ ಕೊನೆಯ ಅಂಕೆಯೊಂದು ಕಂಡರೆ ಸಾಕು.

ಮೊಹರು, ಬೆಲೆ, ವಿಳಾಸಗಳಿಂದ ಕಾಲವನ್ನು ಗುರುತಿಸುವುದು

ವಹಿಯೇ ಇಲ್ಲದ ಶಾಲೆಗಳಲ್ಲಿ ಪುಸ್ತಕಗಳೇ ಸಾಕ್ಷಿ. ಅವು ಯಾವಾಗ ಬಂದವೆಂದು ತಿಳಿಯಲು ಮಕ್ಕಳೂ ಬಳಸಬಹುದಾದ ಕೆಲವು ಗುರುತುಗಳಿವೆ.

ಮೊಹರಿನ ಮೇಲಿನ ಸಂಸ್ಥೆಯ ಹೆಸರು: ತಾಲ್ಲೂಕು ಬೋರ್ಡು ಎಂದಿದ್ದರೆ ಅದು ಬಲು ಹಳೆಯದು, ಮದರಾಸು ಪ್ರಾಂತದಲ್ಲಿ ತಾಲ್ಲೂಕು ಬೋರ್ಡುಗಳು 1930ರ ದಶಕದಲ್ಲಿ ರದ್ದಾದವು. ಜಿಲ್ಲಾ ಬೋರ್ಡು ಎಂದಿದ್ದರೆ 1959ಕ್ಕೆ ಹಿಂದಿನದು. ಜಿಲ್ಲಾ ಪರಿಷತ್ತು, ಪಂಚಾಯತಿ ಸಮಿತಿಗಳು ಆ ವರ್ಷ ಬಂದವು. ಪಂಚಾಯತಿ ಸಮಿತಿಯ ಸ್ಥಾನಕ್ಕೆ ಮಂಡಲಗಳು ಬಂದುದು 1980ರ ದಶಕದ ನಡುಭಾಗದಲ್ಲಿ. ರಾಯದುರ್ಗದ ಶಾಲೆಯ ಪುಸ್ತಕದಲ್ಲಿ ಬಳ್ಳಾರಿ ಜಿಲ್ಲೆಯ ಮೊಹರಿದ್ದರೆ ಅದು 1953ರ ಹಿಂದಿನದು.

ಬೆಲೆ: ರೂಪಾಯಿ, ಆಣೆ, ಪೈಗಳಲ್ಲಿ 1–8–0 ಎಂಬಂತೆ ಇದ್ದರೆ ಪುಸ್ತಕವು 1957ರ ಏಪ್ರಿಲ್ 1ಕ್ಕೆ ಹಿಂದೆ ಅಚ್ಚಾದುದು. ಅಂದು ದಶಾಂಶ ನಾಣ್ಯ ಜಾರಿಗೆ ಬಂತು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. ಬದಲಾವಣೆಯ ಹೊಸತರಲ್ಲಿ ಹಳೆಯ ಪುಸ್ತಕದ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸಿರಬಹುದು. ಅದನ್ನೂ ಗುರುತು ಹಾಕಿಕೊಳ್ಳಿರಿ.

ವಿಳಾಸ: ಪ್ರಕಾಶಕರ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಅನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ರ ಹಿಂದಿನದೆಂದು ತಿಳಿಯಬಹುದು. ಅಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಐಎಸ್‌ಬಿಎನ್ ಸಂಖ್ಯೆ ಹದಿಮೂರು ಅಂಕೆಗಳಲ್ಲಿ ಇದ್ದರೆ ಸಾಮಾನ್ಯವಾಗಿ 2007ರಿಂದ ಈಚಿನದು.

ಪುಸ್ತಕ ಅಚ್ಚಾದ ವರ್ಷವೂ ಗ್ರಂಥಾಲಯಕ್ಕೆ ಬಂದ ವರ್ಷವೂ ಒಂದೇ ಅಲ್ಲ. ಬೆಲೆ, ವಿಳಾಸಗಳು ಮೊದಲನೆಯದನ್ನು ಹೇಳುತ್ತವೆ, ಮೊಹರು ಎರಡನೆಯದನ್ನು. ಎರಡನ್ನೂ ಬೇರೆ ಬೇರೆ ಅಂಕಣದಲ್ಲಿ ಬರೆಯಬೇಕು.

ಚಿತ್ರ ತೆಗೆದು ಪ್ರತಿ ಮಾಡುವ ಕ್ರಮ

ಮೊದಲು ಮುಖ್ಯೋಪಾಧ್ಯಾಯರ ಅಥವಾ ಗ್ರಂಥಪಾಲಕರ ಅನುಮತಿಯನ್ನು ಬರಹದಲ್ಲಿ ಪಡೆಯಿರಿ. ವಹಿಯನ್ನು ಮನೆಗೆ ಒಯ್ಯಬೇಡಿರಿ. ಅದು ಇರುವಲ್ಲಿಯೇ ಕೆಲಸವಾಗಲಿ. ಸಾಮಾನ್ಯ ಮೊಬೈಲ್ ಫೋನು ಸಾಕು. ಕಿಟಕಿಯ ಬಳಿ ಹಗಲ ಬೆಳಕಿನಲ್ಲಿ ವಹಿಯನ್ನು ಸಮವಾಗಿ ಬಿಚ್ಚಿಟ್ಟು ನೇರ ಮೇಲಿನಿಂದ ಚಿತ್ರ ತೆಗೆಯಿರಿ, ಫ್ಲ್ಯಾಶ್ ಬೇಡ. ಗ್ರಂಥಾಲಯದ ಹೆಸರು, ಊರು, ಮಂಡಲ, ಆ ದಿನದ ತಾರೀಖು ಬರೆದ ಹಾಳೆಯೇ ಮೊದಲ ಚಿತ್ರವಾಗಲಿ. ರಟ್ಟು, ಖಾಲಿ ಪುಟ, ಹರಿದ ಪುಟ ಯಾವುದನ್ನೂ ಬಿಡಬೇಡಿರಿ. ಪುಟವೊಂದು ಇಲ್ಲವೆಂದರೆ ಇಲ್ಲವೆಂದು ಬರೆಯಿರಿ.

ಚಿತ್ರಗಳಿಗೆ ಊರು, ವಹಿಯ ಹೆಸರು, ವರ್ಷ, ಪುಟ ಎಂಬ ಕ್ರಮದಲ್ಲಿ ಹೆಸರಿಡಿರಿ. ಮೂರು ಪ್ರತಿಗಳಿರಲಿ: ಶಾಲೆಯ ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು, ಬೇರೆ ಊರಿನ ನಂಬಿಕಸ್ಥರ ಬಳಿ ಒಂದು. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದರ ಗಾತ್ರ ಕುಗ್ಗಿ ಸಣ್ಣ ಅಕ್ಷರ ಓದಲಾಗುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳುಹಿಸಿರಿ.

ಎರಡು ಕಾನೂನು ಸಂಗತಿಗಳನ್ನು ಮರೆಯಬಾರದು. ವಹಿಯ ಚಿತ್ರ ತೆಗೆಯುವುದಕ್ಕೂ ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಂಚುವುದಕ್ಕೂ ವ್ಯತ್ಯಾಸವಿದೆ. 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಲೇಖಕರ ಮರಣಾನಂತರ ಅರವತ್ತು ವರ್ಷ ಹಕ್ಕು ಉಳಿದಿರುತ್ತದೆ. ಉದಾಹರಣೆಗೆ, 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಯವರು ಬದುಕಿದ್ದಾಗ ಪ್ರಕಟಿಸಿದ ಕೃತಿಗಳು 2024ರ ಜನವರಿ 1ರಿಂದ ಹಕ್ಕುಮುಕ್ತವಾದವು. ಅಂಥ ಕೃತಿಗಳನ್ನು ಕನ್ನಡ ವಿಕಿಸೋರ್ಸಿನಂಥ ತಾಣಗಳಿಗೆ ಸೇರಿಸಬಹುದು. ಎರಡನೆಯದಾಗಿ, ಇಷ್ಯೂ ರಿಜಿಸ್ಟರಿನಲ್ಲಿ ಬದುಕಿರುವವರ ಹೆಸರುಗಳಿರುತ್ತವೆ. ಯಾರು ಏನು ಓದಿದರೆಂಬುದು ಅವರ ಸ್ವಂತ ವಿಷಯ. ಲೆಕ್ಕವನ್ನು ಪ್ರಕಟಿಸಿರಿ, ಹೆಸರನ್ನು ಪ್ರಕಟಿಸಬೇಡಿರಿ.

ಹಿರಿಯರ ಮಾತನ್ನು ಬರೆದುಕೊಳ್ಳುವುದು

ವಹಿಯಲ್ಲಿ ಇಲ್ಲದ್ದು ಮನೆಯ ತಾತ, ಅಜ್ಜಿಯರ ನೆನಪಿನಲ್ಲಿದೆ. ಆದರೆ ‘ಆಗಿನ ಗ್ರಂಥಾಲಯ ಹೇಗಿತ್ತು’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬಷ್ಟೇ ಉತ್ತರ ಬರುತ್ತದೆ. ಪ್ರಶ್ನೆ ಕಣ್ಣಿಗೆ ಕಾಣುವಂಥದ್ದಾಗಿರಬೇಕು. ಬಾಗಿಲ ಬೀಗದ ಕೈ ಯಾರ ಬಳಿ ಇರುತ್ತಿತ್ತು? ಎಷ್ಟು ಹೊತ್ತಿಗೆ ತೆರೆಯುತ್ತಿದ್ದರು? ಪತ್ರಿಕೆ ಯಾವ ಬಸ್ಸಿಗೆ ಬರುತ್ತಿತ್ತು? ಓದಲು ಬಾರದವರಿಗೆ ಯಾರು ಓದಿ ಹೇಳುತ್ತಿದ್ದರು? ಎಲ್ಲ ಕೇರಿಯವರೂ ಒಳಗೆ ಬಂದು ಕೂರುತ್ತಿದ್ದರೇ, ಯಾರಾದರೂ ಹೊರಗೆ ನಿಲ್ಲಬೇಕಾಗಿತ್ತೇ? ಕೊನೆಯ ಪ್ರಶ್ನೆ ಕೇಳಲು ಸಂಕೋಚವಾದರೂ ಕೇಳಲೇಬೇಕು. ನಮ್ಮ ಚರಿತ್ರೆಯಲ್ಲಿ ಹೆಮ್ಮೆಪಡುವಂಥದ್ದು ಮಾತ್ರವೇ ಇದೆಯೆಂದು ಮಕ್ಕಳು ತಿಳಿಯಬಾರದು.

ಹೆಂಗಸರನ್ನು ಬೇರೆಯಾಗಿ ಮಾತನಾಡಿಸಿರಿ. ವಾಚನಾಲಯಕ್ಕೆ ಕಾಲಿಡದೆ, ಮಗನನ್ನೋ ಮೈದುನನನ್ನೋ ಕಳುಹಿಸಿ ಕಾದಂಬರಿ ತರಿಸಿಕೊಂಡು ಓದಿದವರಿದ್ದಾರೆ. ವಹಿಯಲ್ಲಿ ಇರುವುದು ತಂದವನ ಹೆಸರು. ಓದಿದಾಕೆಯ ಹೆಸರನ್ನು ನಾವೇ ಬರೆದುಕೊಳ್ಳಬೇಕು. ಪ್ರತಿ ಮಾತುಕತೆಯ ಜೊತೆಗೆ ಹೇಳಿದವರ ಒಪ್ಪಿಗೆ, ವಯಸ್ಸು, ಊರು, ತಾರೀಖು ಇರಲಿ. ಕನ್ನಡ, ತೆಲುಗು ಬೆರೆಸಿ ಮಾತನಾಡಿದರೆ ಹಾಗೆಯೇ ಬರೆಯಿರಿ, ತಿದ್ದಬೇಡಿರಿ.

ಕಾಗದವನ್ನು ಕಾಪಾಡುವುದು

ನಮ್ಮದು ಮಳೆ ಕಡಿಮೆಯ ಸೀಮೆ. ಕರಾವಳಿಯ ಬೂಷ್ಟಿಗಿಂತ ನಮಗೆ ಧೂಳು, ಬಿಸಿಲು, ಗೆದ್ದಲುಗಳ ಕಾಟ ಹೆಚ್ಚು. ಬೀರುವನ್ನು ಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು, ಕಾಲುಗಳ ಕೆಳಗೆ ಕಲ್ಲಿಟ್ಟು ನಿಲ್ಲಿಸಿರಿ. ವಹಿಗಳನ್ನು ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ ಮಲಗಿಸಿಡಿರಿ. ನೇರ ಬಿಸಿಲಿಗೆ ಒಣಹಾಕಿದರೆ ಕಾಗದ ಕೆಂಪಾಗಿ ಮುರಿಯುತ್ತದೆ; ನೆರಳಿನಲ್ಲಿ ಗಾಳಿಯಾಡಿಸಿದರೆ ಸಾಕು. ಹರಿದ ಪುಟಕ್ಕೆ ಸೆಲೋಟೇಪ್ ಹಚ್ಚಬೇಡಿರಿ. ಕೆಲವೇ ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು, ಮತ್ತೆ ಬಿಡಿಸಲಾಗದು. ಹರಿದ ಹಾಳೆಯನ್ನು ಬಿಳಿ ಕಾಗದದ ಲಕೋಟೆಯಲ್ಲಿ ಹಾಕಿ ಅದರ ಸ್ಥಾನದಲ್ಲಿಯೇ ಇಡುವುದು ಉತ್ತಮ.

ಕಾನೂನಿನ ಆಸರೆ

ಸಂವಿಧಾನದ 29(1)ನೆಯ ವಿಧಿಯು ತಮ್ಮದೇ ಆದ ಭಾಷೆ, ಲಿಪಿ, ಸಂಸ್ಕೃತಿಯುಳ್ಳ ಯಾವುದೇ ಜನವರ್ಗಕ್ಕೆ ಅವುಗಳನ್ನು ಕಾಪಾಡಿಕೊಳ್ಳುವ ಹಕ್ಕನ್ನು ಕೊಟ್ಟಿದೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಅನುಕೂಲಗಳನ್ನು ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. 350ಬಿ ವಿಧಿಯು ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯನ್ನು ಏರ್ಪಡಿಸಿದೆ.

ವಹಿಯನ್ನು ನೋಡಲು ಬಿಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯ ಅಡಿಯಲ್ಲಿ ಸರ್ಕಾರಿ ಶಾಲೆಗಳಿಂದಲೂ ಶಾಖಾ ಗ್ರಂಥಾಲಯಗಳಿಂದಲೂ ಅದರ ಪ್ರತಿಯನ್ನು ಕೇಳಬಹುದು. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಆಂಧ್ರಪ್ರದೇಶದಲ್ಲಿ ಅರ್ಜಿಗೆ ಗ್ರಾಮ ಮಟ್ಟದಲ್ಲಿ ಶುಲ್ಕವಿಲ್ಲ. ಮಂಡಲ ಮಟ್ಟದಲ್ಲಿ 5 ರೂಪಾಯಿ, ಅದಕ್ಕೂ ಮೇಲಿನ ಕಚೇರಿಗಳಲ್ಲಿ 10 ರೂಪಾಯಿ. ಈ ಅರ್ಜಿಯನ್ನು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಬರೆಯುವುದು ಕ್ಷೇಮ. ಕಾಯಿದೆಯು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯನ್ನು ಹೇಳುತ್ತದೆ. ಆದರೆ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಕೊಡಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಮನವಿ ಕನ್ನಡದಲ್ಲಿರಲಿ, ಮಾಹಿತಿ ಹಕ್ಕಿನ ಅರ್ಜಿ ತೆಲುಗಿನಲ್ಲಿರಲಿ. ಎರಡೂ ಭಾಷೆ ಬಲ್ಲ ನಮಗೆ ಅದು ಕಷ್ಟವಲ್ಲ.

ನೆರೆಯವರಿಂದ ಕಲಿಯಬಹುದಾದುದು

ಕೇರಳದ ಕಾಸರಗೋಡಿನ ಕನ್ನಡ ಊರುಗಳಲ್ಲಿ ಜನರೇ ನಡೆಸುವ ಗ್ರಂಥಾಲಯಗಳು ಆ ರಾಜ್ಯದ ಲೈಬ್ರರಿ ಕೌನ್ಸಿಲಿನ ಅಂಗವಾಗಿವೆ. ಪಿ.ಎನ್. ಪಣಿಕ್ಕರ್ 1945ರಲ್ಲಿ ಆರಂಭಿಸಿದ ಗ್ರಂಥಶಾಲಾ ಚಳವಳಿಯ ಮುಂದುವರಿಕೆ ಅದು. ಅಲ್ಲಿ ಗ್ರಂಥಾಲಯಗಳಿಗೆ ದರ್ಜೆ ನಿಗದಿಯಾಗುವಾಗ ವಹಿಗಳನ್ನು ಪರಿಶೀಲಿಸುತ್ತಾರೆ. ದರ್ಜೆಯನ್ನು ಅನುಸರಿಸಿ ಅನುದಾನ. ವಹಿಯನ್ನು ಸರಿಯಾಗಿ ಇಟ್ಟವರಿಗೆ ಪುಸ್ತಕವೂ ಬರುತ್ತದೆ.

ಗೋವಿಂದ ಪೈಯವರ ಸ್ವಂತ ಗ್ರಂಥಭಂಡಾರವು ಉಡುಪಿಯ ಎಂಜಿಎಂ ಕಾಲೇಜಿಗೆ ಸೇರಿ ಸಂಶೋಧನ ಕೇಂದ್ರಕ್ಕೆ ತಳಹದಿಯಾಯಿತು. ಸಂಗ್ರಹ ಮಂಜೇಶ್ವರವನ್ನು ಬಿಟ್ಟಿತು, ಆದರೆ ಚದುರಲಿಲ್ಲ. ಊರಿನಲ್ಲಿ ಉಳಿಸಿಕೊಳ್ಳಲು ಶಕ್ತಿಯಿಲ್ಲದಾಗ ಒಟ್ಟಾಗಿ ಒಂದು ಕಡೆಗೆ ಕೊಡುವುದು ಬಿಡಿಬಿಡಿಯಾಗಿ ಹಂಚುವುದಕ್ಕಿಂತ ಲೇಸು.

ಮೂರನೆಯದು ನಮ್ಮ ಪಕ್ಕದ ಜಿಲ್ಲೆಯದು. ಕಡಪದಲ್ಲಿ ಸಿ.ಪಿ. ಬ್ರೌನ್ ವಾಸವಾಗಿದ್ದ ಬಂಗಲೆ ಪಾಳುಬಿದ್ದಿತ್ತು. ರಾಯದುರ್ಗದಲ್ಲಿ ಜನಿಸಿದ ಇಂಗ್ಲಿಷ್ ಅಧ್ಯಾಪಕ ಜಾನಮದ್ದಿ ಹನುಮಚ್ಛಾಸ್ತ್ರಿಗಳು ವರ್ಷಗಟ್ಟಲೆ ಚಂದಾ ಎತ್ತಿ, ಆ ನಿವೇಶನದಲ್ಲಿ ಬ್ರೌನ್ ಹೆಸರಿನ ಗ್ರಂಥಾಲಯವನ್ನು ನಿಲ್ಲಿಸಿದರು. ಇಂದು ಅದು ತೆಲುಗು ಸಂಶೋಧಕರು ಅರಸಿ ಹೋಗುವ ಸ್ಥಳ. ಅದರ ಆರಂಭ ಒಬ್ಬ ಮೇಷ್ಟರ ಹಟ, ಅಷ್ಟೆ.

ಈ ವರ್ಷ ನಾವು ಮಾಡಬಹುದಾದುದು

ಆಂಧ್ರಪ್ರದೇಶದಲ್ಲಿ ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ವಾರೋತ್ಸವ ನಡೆಯುತ್ತದೆ. ಭಾಷಣ, ರಂಗೋಲಿ ಸ್ಪರ್ಧೆಗಳ ಜೊತೆಗೆ ಒಂದು ಕೆಲಸವನ್ನು ಸೇರಿಸಿಕೊಳ್ಳೋಣ. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ತಮ್ಮ ಶಾಲೆಯ ಅಕ್ಸೆಷನ್ ರಿಜಿಸ್ಟರಿನ ಪ್ರತಿ ಪುಟದ ಚಿತ್ರ ತೆಗೆದು, ವರ್ಷವಾರು ಕನ್ನಡ ಪುಸ್ತಕಗಳ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಲಿ. ವಹಿ ಇಲ್ಲದ ಶಾಲೆಯವರು ಇಂದಿನಿಂದಲೇ ಹೊಸ ವಹಿ ತೆರೆದು, ಕಪಾಟಿನಲ್ಲಿ ಉಳಿದಿರುವ ಕನ್ನಡ ಪುಸ್ತಕಗಳನ್ನು ಒಂದೊಂದಾಗಿ ಏರಿಸಲಿ. ಪೋಷಕರು ಮನೆಯಲ್ಲಿ ಉಳಿದುಕೊಂಡಿರುವ ಗ್ರಂಥಾಲಯದ ಪುಸ್ತಕವನ್ನು ಹಿಂದಿರುಗಿಸಲಿ. ಎಷ್ಟೇ ವರ್ಷವಾಗಿದ್ದರೂ ದಂಡವಿಲ್ಲವೆಂದು ಶಾಲೆ ಸಾರಲಿ.

ಮುಂದೆ ಯಾರಾದರೂ ಅಧಿಕಾರಿಗಳು ‘ಇಲ್ಲಿ ಕನ್ನಡ ಓದುವವರು ಎಷ್ಟು ಮಂದಿ’ ಎಂದು ಕೇಳಿದಾಗ ಆ ಹಾಳೆಯನ್ನು ಮುಂದಿಡಬಹುದು. ಅಂದು ತಕ್ಕಡಿಯ ಮುಂದೆ ಸುಮ್ಮನೆ ನಿಂತ ನಾವು ಈ ನವೆಂಬರಿನಲ್ಲಿ ನಮ್ಮ ಶಾಲೆಯ ಹೊಸ ವಹಿಯ ಮೊದಲ ಸಾಲನ್ನು ಬರೆಯಲಿದ್ದೇವೆ.